ಉಪ್ಪು ನೀರಿಗೆ ಹೆದರುವ ದೊಡ್ಡಮ್ಮ

ನಮ್ಮ ದೊಡ್ಡಮ್ಮನಿಗೆ ಹಾವು ಕಂಡರೆ ಭಯವಿಲ್ಲ, ಕತ್ತಲಂದರೂ ಭಯವಿಲ್ಲ. ಅವರು ನಡುಗೋದು ಉಪ್ಪು ನೀರಿಗೆ. ನಂಬ್ತೀರಾ?

ಗುಬ್ಬಿಯ ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ಮಾಡಿ ಅವರಿಗೆ ಲೋಕವೆಲ್ಲ ಲ್ಯಾಬಾಗಿ ಹೋಗಿತ್ತು. ಅಲ್ಯೂಮಿನಿಯಂ ಪಾತ್ರೆಯ ಸಾರಲ್ಲಿ ಯಾರಾದ್ರೂ ಸ್ಟೀಲ್ ಸೌಟು ಬಿಟ್ಟರೆ ಮುಗೀತು.

"ಎರಡು ಬೇರೆ ಬೇರೆ ಲೋಹ, ಮಧ್ಯೆ ಕರಗಿದ ಉಪ್ಪು. ಇದು ಸಾರಲ್ಲ ಕಣೇ, ಸೆಲ್ಲು. ಪಾತ್ರೆ ಸವೆದು ನಿಮ್ಮ ಹೊಟ್ಟೆ ಸೇರ್ತಿದೆ."

"ಕರೆಂಟ್ ಹೋಗಿದೆ ಅಕ್ಕಾವ್ರೆ, ಆ ಸಾರಿಗೊಂದು ಬಲ್ಬ್ ಸಿಕ್ಕಿಸಿ," ಅಂತ ನಮ್ಮಪ್ಪ ಕಾಲೆಳೆದ್ರು. ದೊಡ್ಡಮ್ಮ ನಗಲಿಲ್ಲ.

ಗುಬ್ಬಿಯ ಒಂದು ಮದುವೇಲಂತೂ, ಗಂಡಿನ ತಾತ, ಹಲ್ಲಿಗೆ ಬೆಳ್ಳಿ ಸಿಮೆಂಟು ತುಂಬಿಸಿಕೊಂಡಿದ್ದವರು, ಸಿಲ್ವರ್ ಪೇಪರ್ ಸಮೇತ ಚಾಕೊಲೇಟ್ ಕಚ್ಚಿದ್ರು. ಸರಿಯಾಗಿ ಮುಹೂರ್ತದ ಹೊತ್ತಿಗೆ ದೊಡ್ಡಮ್ಮ "ಉಗೀರಿ! ಬಾಯೇ ಸೆಲ್ಲಾಗುತ್ತೆ!" ಅಂತ ಕೂಗಿದ್ರು. ತಾತ ಗಾಬರಿಯಲ್ಲಿ ಉಗಿದದ್ದು ಪುರೋಹಿತರ ಮಡಿ ಪಂಚೆ ಮೇಲೆ. ಆ ಮನೆಯವರು ಆಮೇಲೆ ನಮ್ಮನ್ನ ಯಾವ ಸಮಾರಂಭಕ್ಕೂ ಕರೆಯಲಿಲ್ಲ.

ನಾನು ಮದುವೆಯಾಗಿ ಕುಣಿಗಲ್ ಸೇರಿದ್ಮೇಲೆ, ಒಂದು ಭಾನುವಾರ ದೊಡ್ಡಮ್ಮ ನಮ್ಮನೆಗೆ ಬಂದಿದ್ರು. ಪಕ್ಕದ ಕೋಣೆಯಲ್ಲಿ ಹಾಡುತ್ತಿದ್ದ ಮಗಳ ಆಟದ ಫೋನು ಇದ್ದಕ್ಕಿದ್ದಂತೆ ಸುಮ್ಮನಾಯ್ತು. ಹೋಗಿ ನೋಡಿದರೆ ಅದರ ಮುಚ್ಚಳ ಕಿತ್ತಿದೆ, ನನ್ನ ಎರಡು ವರ್ಷದ ಮಗಳು ಜೊಲ್ಲು ಸುರಿಸ್ತಾ ಕೂತಿದಾಳೆ. ಎಂಟಾಣೆಯಷ್ಟಗಲದ ಬಿಲ್ಲೆ ಸೆಲ್ಲು ಎಲ್ಲೂ ಇಲ್ಲ.

"ಕಾಸು ನುಂಗಿರೋ ಮಕ್ಕಳನ್ನ ನಾನೆಷ್ಟು ನೋಡಿಲ್ಲ," ಅಂದ್ರು ನಮ್ಮತ್ತೆ. "ಒಂದು ತುತ್ತು ಮುದ್ದೆ ನುಂಗ್ಸು, ನಾಳೆ ತಾನಾಗೇ ಬತ್ತದೆ ಬುಡು."

ನಾನು ಮುದ್ದೆ ಮುರಿದೂ ಆಗಿತ್ತು. ದೊಡ್ಡಮ್ಮ ನನ್ನ ಕೈ ಹಿಡಿದ್ರು.

"ಏನೂ ತಿನ್ನಿಸ್ಬೇಡ. ಕಾಸು ಸುಮ್ನಿರುತ್ತೆ, ಸೆಲ್ಲು ಸುಮ್ನಿರಲ್ಲ. ಎಂಜಲಲ್ಲಿ ಉಪ್ಪು ಕರಗಿದೆ ಕಣೇ. ಗಂಟಲಲ್ಲಿ ಸಿಕ್ಕೊಂಡಿದ್ರೆ ಅದರ ಒಂದು ಮುಖದಿಂದ ಇನ್ನೊಂದಕ್ಕೆ ಕರೆಂಟ್ ಹರಿಯುತ್ತೆ, ಅಲ್ಲೇ ಕ್ಷಾರ ಹುಟ್ಟಿ ಸುಡುತ್ತೆ. ಗಾಡಿ ತರ್ಸು."

ಪಕ್ಕದ ಮನೆಯವರ ವ್ಯಾನಲ್ಲಿ ತುಮಕೂರಿನ ಆಸ್ಪತ್ರೆಗೆ ಹೊರಟ್ವಿ. ಹೆಬ್ಬೂರು ಬರೋ ಹೊತ್ತಿಗೆ ಮಗು ಅಳೋದನ್ನೂ ನಿಲ್ಲಿಸಿತ್ತು. ಬಾಯಿಂದ ಜೊಲ್ಲು ಮಾತ್ರ ಇಳೀತಿತ್ತು.

"ಏನೂ ಆಗಲ್ಲ ಅಂತ ಹೇಳಿ ದೊಡ್ಡಮ್ಮ," ಅಂದೆ.

ಅವರು ಮುಂದಕ್ಕೆ ಬಾಗಿದ್ರು. "ಬೇಗ ಹೋಗಪ್ಪ," ಅಂತ ಡ್ರೈವರ್‌ಗೆ ಮಾತ್ರ ಹೇಳಿದ್ರು. ಸುಳ್ಳಿಗಾದರೂ ಒಂದು ಮಾತು ಅನ್ನಬಾರದಿತ್ತೆ?

ಎಕ್ಸ್‌ರೇಯಲ್ಲಿ ಸೆಲ್ಲು ಗಂಟಲ ಕೆಳಗೇ ಕೂತಿತ್ತು. ಮಗೂನ ಒಳಗೆ ಕರ್ಕೊಂಡು ಹೋದ್ರು. ಬಾಗಿಲು ಮುಚ್ಚಿತು. ಆ ಬಾಗಿಲನ್ನ ನಾನು ಎಷ್ಟು ಹೊತ್ತು ನೋಡ್ತಾ ನಿಂತಿದ್ದೆನೋ.

ಕೊನೆಗೆ ಡಾಕ್ಟರ್ ಹೊರಗೆ ಬಂದ್ರು. "ತೆಗೆದ್ವಿ. ಸ್ವಲ್ಪ ಸುಟ್ಟಿದೆ, ವಾಸಿಯಾಗುತ್ತೆ. ನಾಳೆವರೆಗೂ ಕಾದಿದ್ರೆ ಅನ್ನನಾಳ ತೂತಾಗ್ತಿತ್ತು."

ತಿರುಗಿ ನೋಡಿದರೆ ದೊಡ್ಡಮ್ಮ ಬೆಂಚಿನ ಮೇಲೆ ಕುಸಿದು ಕೂತಿದ್ರು. ಕಾಫಿ ತಂದುಕೊಟ್ಟೆ. ಲೋಟ ಹಿಡಿಯೋಕಾಗದಷ್ಟು ಕೈ ನಡುಗ್ತಿತ್ತು, ಸೆರಗಿನ ಮೇಲೆಲ್ಲ ಚೆಲ್ಲಿತು.

"ಈಗ್ಯಾಕೆ ದೊಡ್ಡಮ್ಮ? ಎಲ್ಲ ಸರಿಹೋಯ್ತಲ್ಲ."

"ದಾರೀಲೇ ನಡುಗಿದ್ರೆ ನೀನು ತಡ್ಕೊಳ್ತಿದ್ಯಾ?" ಅಂದ್ರು ಮೆಲ್ಲಗೆ.

ನಾನು ಲೋಟ ತಗೊಂಡು ಅವರ ತುಟಿಗೆ ಹಿಡಿದೆ. ದೊಡ್ಡಮ್ಮ ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿದ್ರು.