ಬಿದ್ದ ಡಿಸ್ಕು, ಬಗ್ಗದ ಅಂಗಡಿ

ಹಾರ್ಡ್ ಡಿಸ್ಕ್ ಕೈಜಾರಿ ಬೀಳುವುದು ಅಪಘಾತ. ಬಿದ್ದ ಮೇಲೆ ಅದಕ್ಕೆ ಮನೆಮದ್ದು ಮಾಡುವುದು ಮಾತ್ರ ನಮ್ಮ ಜನರ ಹುಟ್ಟುಗುಣ. ಆ ಗುಣ ಇರುವವರೆಗೂ ನನ್ನ ಅಂಗಡಿಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಬೆಂಗಳೂರಿನ ಕಾರ್ಖಾನೆ ಪ್ರದೇಶ ಪೀಣ್ಯದಲ್ಲಿ ಒಂದು ಲೇತ್ ವರ್ಕ್‌ಶಾಪಿನ ಮಹಡಿಯ ಮೇಲೆ ನನ್ನದೊಂದು ಕೋಣೆ. ಪೆಟ್ಟು ತಿಂದ ಡಿಸ್ಕುಗಳಿಂದ ಫೋಟೋ, ಫೈಲು ಹೊರತೆಗೆದು ಕೊಡುವುದು ನನ್ನ ಕಸುಬು. ಕೆಳಗಿನ ವರ್ಕ್‌ಶಾಪಿನ ಯಜಮಾನರೇ ಕಟ್ಟಡದ ಓನರ್ರು. ಅವರಿಗೆ ನನ್ನನ್ನು ಖಾಲಿ ಮಾಡಿಸುವ ಹಟ. "ನಿನ್ ಗಿರಾಕಿಗಳು ಅಳ್ತಾ ಮೆಟ್ಲು ಇಳೀತಾರೆ ಕಣಮ್ಮ, ನಮ್ ಮಷೀನ್‌ಗಳಿಗೆ ಒಳ್ಳೇದಲ್ಲ. ಆಯುಧಪೂಜೆ ಒಳಗೆ ರೂಮ್ ಬಿಟ್ಕೊಡು" ಅನ್ನುತ್ತಿದ್ದರು. "ಬಿಡಲ್ಲ ಸಾರ್" ಅನ್ನುತ್ತಿದ್ದೆ. ಪೀಣ್ಯದಂಥ ಪೀಣ್ಯದಲ್ಲಿ ಒಂದು ಕೋಣೆಯನ್ನು ಧೂಳಿಲ್ಲದಂತೆ ಮಾಡಿಕೊಂಡಿದ್ದೇನೆ. ಹೇಳಿದ ಕೂಡಲೇ ಬಿಟ್ಟು ಹೋಗಲು ನನಗೇನು ಹುಚ್ಚೇ?

ಸಾರ್ ಇಲ್ವಾ?

ವೈಟ್‌ಫೀಲ್ಡ್‌ನಿಂದ ಒಬ್ಬರು ಬಂದರು. ಕೈಯಲ್ಲಿ ಸ್ಕೂಟರಿನಿಂದ ರಸ್ತೆಗೆ ಬಿದ್ದ ಡಿಸ್ಕು.

"ಸಾರ್ ಇಲ್ವಾ ಮೇಡಂ?"

"ಇಲ್ಲ. ಡಿಸ್ಕ್ ಕೊಡಿ."

"ಎಷ್ಟೊತ್ತಿಗೆ ಬರ್ತಾರೆ?"

"ಇಲ್ಲಿ ಸಾರ್ ಅಂತ ಯಾರೂ ಇಲ್ಲ. ಬಿಚ್ಚೋದೂ ನಾನೇ, ಜೋಡಿಸೋದೂ ನಾನೇ."

ತಮಾಷೆ ಅಂದುಕೊಂಡು ನಕ್ಕರು. ಒಲ್ಲದ ಮನಸ್ಸಿನಿಂದ ಕೊಟ್ಟು ಹೋದರು. ಮತ್ತೆ ಬಂದಾಗ ಮಗಳ ಮೊದಲ ಹೆಜ್ಜೆಯ ವಿಡಿಯೋ ತೆರೆದು ತೋರಿಸಿದೆ. ಗಳಗಳ ಅತ್ತುಬಿಟ್ಟರು. ಖುಷಿಯ ಅಳು, ಆದರೆ ಕೆಳಗೆ ನಿಂತು ನೋಡುತ್ತಿದ್ದ ಓನರ್ರಿಗೆ ಅಳು ಅಳುವೇ.

ಹೊರಡುವಾಗ ಆ ಮನುಷ್ಯ ಕೈಮುಗಿದು ಹೇಳಿದ್ದೇನು ಗೊತ್ತೇ? "ಸಾರ್ ಬಂದ್ರೆ ನನ್ ಥ್ಯಾಂಕ್ಸ್ ಹೇಳ್ಬಿಡಿ ಮೇಡಂ!"

ಅಕ್ಕಿ ಮುಗಿದಿತ್ತು

ಜಿಗಣಿಯ ಹೆಂಗಸೊಬ್ಬರು ಸ್ಟೀಲ್ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ತುಂಬ ರಾಗಿ ಹಿಟ್ಟು. ಹಿಟ್ಟಿನೊಳಗೆ ಡಿಸ್ಕು.

"ಬೀರು ಮ್ಯಾಲಿಂದ ಬಿತ್ತು ಕಣಕ್ಕ. ಕೆಟ್ಟೋದ್ರೆ ಅಕ್ಕೀಲಿ ಇಡ್ಬೇಕು ಅಂತಾರಲ್ಲ?"

"ಅದು ನೀರಿಗೆ ಬಿದ್ದ ಮೊಬೈಲ್‌ಗೆ. ಅದೂ ಅಲ್ದೆ, ಇದು ಅಕ್ಕಿ ಅಲ್ವಲ್ಲಮ್ಮ?"

"ಅಕ್ಕಿ ಮುಗ್ದೋಗಿತ್ತು, ಅದ್ಕೇ ಇಂಗ್ ಮಾಡ್ದೆ. ಜರಡೀಲಿ ಸೋಸಿರೋ ಇಟ್ಟು ಕಣಕ್ಕ, ಒಂದ್ ಕಲ್ಲಿಲ್ಲ!"

ಡಿಸ್ಕಿನೊಳಗೆ ಹೊಳೆಯುವ ತಟ್ಟೆಗಳು ತಿರುಗುತ್ತವೆ. ಅವುಗಳ ಮೇಲೆ, ತಾಗದ ಹಾಗೆ, ಒಂದು ಸಣ್ಣ ಮುಳ್ಳು ಓಡಾಡಿ ಓದುತ್ತದೆ. ನಡುವೆ ಒಂದು ಕಣ ಧೂಳು ಸಿಕ್ಕರೂ ಕಥೆ ಮುಗಿಯಿತು. ನನ್ನ ಪುಣ್ಯಕ್ಕೆ ಅವರು ಅದನ್ನು ಬಿಚ್ಚಿರಲಿಲ್ಲ. ಹೊರಗಿನ ಹಿಟ್ಟು ಒರೆಸಿ, ಮುರಿದ ಮುಳ್ಳು ಬದಲಿಸಿದೆ. ಮಗನ ನಾಮಕರಣದ ಫೋಟೋಗಳೆಲ್ಲ ಬಂದವು. ಹೆಮ್ಮೆಯಿಂದ ಫೋನ್ ಮಾಡಿದೆ.

"ಪೋಟೋ ಬಂದ್ವಲ್ಲ, ಸರಿ ಕಣಕ್ಕ. ಆ ಇಟ್ನಲ್ಲಿ ಮುದ್ದೆ ಮಾಡ್ಬೋದಾ?"

ಫಿನಿಶಿಂಗ್

ಆಯುಧಪೂಜೆ ಹತ್ತಿರ ಬಂತು. ಓನರ್ರೇ ಮೆಟ್ಟಿಲು ಹತ್ತಿ ಬಂದರು. ಖಾಲಿ ಮಾಡಿಸಲು ಬಂದರೆಂದು ನಾನು ಜಗಳಕ್ಕೆ ಟೊಂಕ ಕಟ್ಟಿ ನಿಂತೆ. ಅವರು ಒಂದು ಬಟ್ಟೆಯ ಗಂಟು ಬಿಚ್ಚಿದರು. ಒಳಗೆ ಬಿಚ್ಚಿದ ಡಿಸ್ಕು, ಅದರ ತಟ್ಟೆ ಬೇರೆ, ಫಳಫಳ ಹೊಳೆಯುತ್ತಿದೆ.

"ನಮ್ ಆಫೀಸ್ ಕಂಪ್ಯೂಟರ್‌ದು. ಪಾರ್ಟಿಗಳು ಕೊಟ್ಟ ಬಿಡಿಭಾಗಗಳ ಡ್ರಾಯಿಂಗ್ ಎಲ್ಲಾ ಇದ್ರಲ್ಲೇ ಇದೆ. ಬಿತ್ತು. ನಾಲ್ಕ್ ಸ್ಕ್ರೂ ತಾನೆ, ನಿನ್ನತ್ರ ಯಾಕ್ ಬರ್ಬೇಕು ಅಂತ ನಾನೇ ಬಿಚ್ದೆ. ನೋಡಿದ್ರೆ ತಟ್ಟೆ ಮೇಲೆ ಗೀರು! ತೊಂದ್ರೆ ಇದ್ರಿಂದ್ಲೇ ಅಂತ ಬಫಿಂಗ್ ಚಕ್ರಕ್ಕೆ ಕೊಟ್ಟು ಪಾಲಿಶ್ ಹೊಡೆದ್ಬಿಟ್ಟೆ. ಎರಡೂ ಕಡೆ. ಈಗ ನೋಡಮ್ಮ, ಮುಖ ಕಾಣುತ್ತೆ!"

ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ.

"ಸಾರ್, ನಿಮ್ಮ ಡ್ರಾಯಿಂಗ್ ಇದ್ದಿದ್ದೇ ಆ ಮೇಲ್ಪದರದಲ್ಲಿ. ಅದನ್ನೇ ಉಜ್ಜಿ ತೆಗೆದಿದ್ದೀರ."

"ಒಂದ್ ಗೀರೂ ಇಲ್ವಲ್ಲಮ್ಮ!"

"ಗೀರೂ ಇಲ್ಲ, ಡ್ರಾಯಿಂಗೂ ಇಲ್ಲ. ಇನ್ನು ಬ್ರಹ್ಮ ಬಂದ್ರೂ ಆಗಲ್ಲ."

ಓನರ್ರು ಕುರ್ಚಿಯಲ್ಲಿ ಕುಸಿದರು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಡ್ರಾಯಿಂಗ್ ಬಿಡು, ಪಾರ್ಟಿಗಳತ್ರ ಮತ್ತೆ ಇಸ್ಕೋತೀನಿ. ಆದ್ರೆ ಪೀಣ್ಯದಲ್ಲಿ ಫಿನಿಶಿಂಗ್ ಅಂದ್ರೆ ನನ್ ಹೆಸ್ರು ಹೇಳ್ತಾರೆ. ಇದು ಗೊತ್ತಾದ್ರೆ ಟೀ ಅಂಗಡೀಲಿ ಕೂರಂಗಿಲ್ಲ. ಯಾರ್ಗೂ ಹೇಳ್ಬೇಡಮ್ಮ."

"ಈ ರೂಮಲ್ಲಿ ಇರೋವರ್ಗೂ ಹೇಳಲ್ಲ ಸಾರ್. ಖಾಲಿ ಮಾಡಿಸಿದ್ರೆ ಮಾತ್ರ, ದಾರೀಲಿ ಸಿಕ್ಕವರಿಗೆಲ್ಲ ಹೇಳ್ಕೊಂಡೇ ಹೋಗ್ತೀನಿ."

ನನ್ನನ್ನು ನೋಡಿದರು. ತಟ್ಟೆಯನ್ನು ನೋಡಿದರು. ಎದ್ದರು.

"ಹಬ್ಬಕ್ಕೆ ನಿನ್ ಬಾಗ್ಲಿಗೂ ಬಾಳೆಕಂದು ಕಳಿಸ್ತೀನಿ."

ಕಳಿಸಿದರು. ಅಂಗಡಿ ಇವತ್ತಿಗೂ ಅಲ್ಲೇ ಇದೆ. ಅದಕ್ಕೇ ನೋಡಿ, ಇಷ್ಟೆಲ್ಲ ಹೇಳಿದರೂ ಅವರ ಹೆಸರು ಮಾತ್ರ ಬಾಯಿಬಿಟ್ಟು ಹೇಳಿಲ್ಲ.