ರಜೆ ಅರ್ಜಿ 30,031 ಒಡೆಯುತ್ತದೆಯೇ, ಒಡೆಯುವುದಿಲ್ಲವೇ

ಸಂಖ್ಯೆ: ವರ್ಗೀಕರಣ/ಶೇಷ/30,031

ವಿಷಯ: ಮಗಳ ಹೆರಿಗೆಗೆ ಜೊತೆಗಿರಲು ಬೆರಳಚ್ಚುಗಾರ್ತಿಯವರು ಸಲ್ಲಿಸಿದ ರಜೆ ಅರ್ಜಿಯ ಸಂಖ್ಯೆಯನ್ನು ಅವಿಭಾಜ್ಯವೆಂದು ತಪ್ಪಾಗಿ ಸಾರಿದ್ದರ ಬಗ್ಗೆ.

ಉಲ್ಲೇಖ: (1) ಸದರಿ ಅರ್ಜಿ. (2) ಅದರ ನೆನಪೋಲೆ. (3) ನೆನಪೋಲೆಯ ನೆನಪೋಲೆ.

1. ಅರ್ಜಿಯ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ, ಒಂದಕ್ಕಿಂತ ದೊಡ್ಡದಾದ ಅತಿ ಚಿಕ್ಕ ಸಂಖ್ಯೆ ಎಷ್ಟೋ ಅಷ್ಟು ಮೇಜುಗಳಲ್ಲಿ ಸಹಿ ಪಡೆಯುವುದು ಈ ಕಚೇರಿಯ ಪದ್ಧತಿ. ಸಂಖ್ಯೆ ಅವಿಭಾಜ್ಯವಾದಲ್ಲಿ ಮುಖ್ಯಾಧಿಕಾರಿಗಳ ಸಹಿ ಮಾತ್ರ ಸಲ್ಲುತ್ತದೆ.

2. ಮುಖ್ಯಾಧಿಕಾರಿಗಳು ರಜೆಯಲ್ಲಿದ್ದಾರೆ. ಅವರ ಅರ್ಜಿ 30,030 ಆಗಿದ್ದು, ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು ಎಲ್ಲಕ್ಕೂ ಬಗ್ಗುವ ಸಾಧು ಸಂಖ್ಯೆಯಾದ ಕಾರಣ, ಎರಡೇ ಮೇಜಿನಲ್ಲಿ, ಚಹಾ ಆರುವ ಮೊದಲೇ ಮಂಜೂರಾಯಿತು.

3. 30,031ನ್ನು ಇವೇ ಆರರಿಂದ ಭಾಗಿಸಲಾಗಿ ಪ್ರತಿ ಸಲವೂ ಒಂದು ಉಳಿಯಿತು. ಗೋಡೆಯ ಮಗ್ಗಿ ಪಟ್ಟಿ ಹದಿಮೂರಕ್ಕೇ ಹರಿದುಹೋಗಿರುವುದರಿಂದ ಸಂಖ್ಯೆಗಳೂ ಅಲ್ಲಿಗೇ ಮುಗಿಯುತ್ತವೆಂದು ಭಾವಿಸಿ, ಗುಮಾಸ್ತರು ಅವಿಭಾಜ್ಯದ ಮೊಹರು ಒತ್ತಿ, ಅರ್ಜಿಯನ್ನು ರಜೆಯಲ್ಲಿರುವ ಮುಖ್ಯಾಧಿಕಾರಿಗಳ ಸಹಿಗಾಗಿ ತೆಗೆದಿರಿಸಿದರು.

4. ಆಗ ಬೆರಳಚ್ಚುಗಾರ್ತಿಯವರು, “ಸಾರ್, ಮಗಳಿಗೆ ದಿನ ತುಂಬಿದೆ. ನಿಮ್ಮ ಭಾಗಾಕಾರ ಮುಗಿಯೋವರೆಗೂ ಕೂಸು ಒಳಗೇ ಕೂತಿರುತ್ತಾ?” ಎಂದೂ, ಗುಮಾಸ್ತರು, “ಅಮ್ಮಾ, ನಾನೇನ್ ಮಾಡ್ಲಿ? ಕಲ್ಲುಗುಂಡು ಕಣಮ್ಮಾ ಇದು, ಒಡೆಯೋದೇ ಇಲ್ಲ!” ಎಂದೂ ಹೇಳಿರುವುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ಯಾವುದೇ ಸಂಖ್ಯೆಯನ್ನು ಕಲ್ಲುಗುಂಡು ಎಂದು ಕರೆಯಕೂಡದೆಂದು ಈ ಮೂಲಕ ಸೂಚಿಸಲಾಗಿದೆ.

5. ಮರುಪರಿಶೀಲನೆಯಲ್ಲಿ 59 × 509 = 30,031 ಎಂದು ಕಂಡುಬಂದಿದೆ. ಆದ್ದರಿಂದ ಸದರಿ ಸಂಖ್ಯೆ ಭಾಜ್ಯವೆಂದು ಘೋಷಿಸಿ, ಐವತ್ತೊಂಬತ್ತು ಮೇಜುಗಳಿಗೆ ಕಳುಹಿಸಲು ಆದೇಶಿಸಲಾಗಿದೆ.

6. ಕಚೇರಿಯಲ್ಲಿ ಇರುವುದು ಏಳು ಮೇಜು. ಉಳಿದದ್ದಕ್ಕೆ ಸ್ಟೂಲು, ಕಿಟಕಿಯ ಕಟ್ಟೆ, ಮೆಟ್ಟಿಲುಗಳನ್ನು ಮೇಜೆಂದೇ ತಿಳಿಯತಕ್ಕದ್ದು. ಮೆಟ್ಟಿಲಿನ ಪರವಾಗಿ ಅದನ್ನು ಆಗ ತುಳಿಯುತ್ತಿರುವವರು ಸಹಿ ಹಾಕತಕ್ಕದ್ದು. ಎರಡೆರಡು ಮೆಟ್ಟಿಲು ಹಾರುವವರ ಸಹಿ ಅಸಿಂಧು.

7. ಸದರಿ ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳಾದ 1, 59, 509ನ್ನು ಕೂಡಿದರೆ 569 ಮಾತ್ರ ಆಗಿ, ಸಂಖ್ಯೆಗಿಂತ ಕಡಿಮೆ ಬೀಳುವುದರಿಂದ ಇದು ನ್ಯೂನ ಸಂಖ್ಯೆ. ಈ ನ್ಯೂನತೆ ಸಂಖ್ಯೆಯದೇ ಹೊರತು ಬೆರಳಚ್ಚುಗಾರ್ತಿಯವರದಲ್ಲ. ಅವರ ಸೇವಾ ಪುಸ್ತಕದಲ್ಲಿ ಇದನ್ನು ನಮೂದಿಸಬಾರದು.

8. ಸಹಿಗಳು ಪೂರ್ಣಗೊಳ್ಳುವವರೆಗೆ ಹೆರಿಗೆಯನ್ನು ಮುಂದೂಡುವಂತೆ ಸಂಬಂಧಪಟ್ಟವರನ್ನು ಕೋರಲಾಗಿದೆ.

(ಸಹಿ)
ಪ್ರಭಾರ ಅಧಿಕಾರಿ
(ಮುಖ್ಯಾಧಿಕಾರಿಗಳು ಮರಳುವವರೆಗೆ)

ಪ್ರತಿಗಳು:
ಗುಮಾಸ್ತರಿಗೆ, ಮಗ್ಗಿ ಪಟ್ಟಿಗೆ ಅಂಟು ಹಚ್ಚುವ ಸೂಚನೆಯೊಂದಿಗೆ.
ಮೆಟ್ಟಿಲುಗಳಿಗೆ, ಕೆಳಗಿನಿಂದ ಮೇಲಕ್ಕೆ.
ಬೆರಳಚ್ಚುಗಾರ್ತಿಯವರಿಗೆ. ಅವರು ನಿನ್ನೆಯ ಬಸ್ಸಿಗೇ ಹೊರಟುಹೋಗಿರುವುದರಿಂದ ಈ ಸುತ್ತೋಲೆ ಕೈಬರಹದಲ್ಲಿದೆ. ತಾಯಿ, ಮಗು, ಅಜ್ಜಿ ಮೂವರೂ ಕ್ಷೇಮವೆಂದು ಈಗಷ್ಟೇ ಫೋನು ಬಂದಿದೆ. ಈ ಮೂವರನ್ನು ಯಾರೂ ಯಾವುದರಿಂದಲೂ ಭಾಗಿಸತಕ್ಕದ್ದಲ್ಲ.