ರಾಹುಕಾಲ ಯಾವ ಊರಿನದು?

ಶುಕ್ರವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಮಾಲೀಕ ಗ್ರೆಗ್ ಪೆನ್ನಿನ ಮುಚ್ಚಳ ತೆಗೆದ. ಸರಿಯಾಗಿ ಆಗಲೇ ಭರತೇಶನ ಫೋನು ಬಡಿದುಕೊಂಡಿತು. ಅದನ್ನು ಸೈಲೆಂಟಿನಲ್ಲಿ ಇಡುವಷ್ಟು ಬುದ್ಧಿ ಅವನಿಗಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಭರತೇಶ ಅಡಿಲೇಡಿನ ಪ್ರಾಸ್ಪೆಕ್ಟಿನಲ್ಲಿ, ದ್ರಾಕ್ಷಿ ತೋಟಗಳಿಗೆ ಪಂಪು ಕೂರಿಸುವ ಸಣ್ಣ ಕಂಪನಿಯೊಂದರ ಎಂಜಿನಿಯರ್. ಕಂಪನಿ ಸ್ಪಾನ್ಸರ್ ಮಾಡಿದರೆ ಅವನಿಗೆ ಪಿಆರ್, ಅಂದರೆ ಹೆಂಡತಿ ಮಗಳ ಸಮೇತ ಇಲ್ಲೇ ಕಾಯಂ ಉಳಿಯುವ ವೀಸಾ. ಆದರೆ ನಲವತ್ತೈದು ತುಂಬುವ ಮುಂಚೆ ಅರ್ಜಿ ಹೋಗಬೇಕು. ಅವನಿಗೆ ನಲವತ್ತೈದು ತುಂಬಲು ಉಳಿದಿದ್ದು ಒಂದು ತಿಂಗಳು ಮೂರು ದಿನ. ಗ್ರೆಗ್ ಇವತ್ತು ಸಂಜೆ ಕಾರಿನ ಹಿಂದೆ ಕಾರವಾನ್ ಕಟ್ಟಿಕೊಂಡು ಉತ್ತರಕ್ಕೆ ಮೀನು ಹಿಡಿಯಲು ಹೊರಡುವವನು, ತಿಂಗಳು ಬಿಟ್ಟು ಬರುತ್ತೇನೆ ಎಂದಿದ್ದ. ಹೋದ ವರ್ಷವೂ ಹಾಗೆಂದು ಹೋಗಿ ಏಳು ವಾರಕ್ಕೆ ಬಂದಿದ್ದ. ಹೋಗುವಾಗ ಫೋನನ್ನೂ ಆಫೀಸಿನ ಡ್ರಾಯರಿನಲ್ಲಿಟ್ಟು ಬೀಗ ಜಡಿಯುವ ಆಸಾಮಿ.

ಆದರೂ ಭರತೇಶನಿಗೆ ಚಿಂತೆಯಿರಲಿಲ್ಲ. "ಪ್ಲ್ಯಾನಿಂಗ್ ಅಂದ್ರೆ ನಂದು ಕಣೋ," ಎಂದು ಸಹೋದ್ಯೋಗಿ ಮನೋಜನಿಗೆ ಬೆಳಗ್ಗೆಯೇ ಹೇಳಿದ್ದ. ಮನೋಜನದೂ ಇಂಥದೇ ಅರ್ಜಿ, ಅವನಿಗೂ ಗ್ರೆಗ್‌ನ ಸಹಿ ಆಗಬೇಕಿತ್ತು.

ಫೋನಿನಲ್ಲಿ ಪಕ್ಕದ ಮನೆಯ ಅಹಲ್ಯಾ ಆಂಟಿ. "ಸಹಿ ಆಯ್ತೇನೋ?"

"ಆಗ್ತಾ ಇದೆ ಆಂಟಿ."

"ಅಯ್ಯೋ, ನಿಲ್ಸೋ! ಹತ್ತೂವರೆಗೆ ರಾಹುಕಾಲ. ಎಷ್ಟು ಪುಟ?"

"ಹದಿನಾಲ್ಕು."

"ಏಳನೇ ಪುಟಕ್ಕೆ ರಾಹು ಬಂದು ಕೂತ್ಕೊಂತಾನೆ, ನೋಡ್ತಿರು!"

ಭರತೇಶ ಇದನ್ನೆಲ್ಲ ನಂಬುವವನಲ್ಲ. ಆದರೆ ಹನ್ನೆರಡರ ಮೇಲೆ ಹಾಕಿಸಿದರೆ ತನ್ನ ಗಂಟೇನು ಹೋಗುತ್ತದೆ? ದಿನಕ್ಕೆ ಒಂದೂವರೆ ಗಂಟೆ ಕೆಟ್ಟ ಹೊತ್ತು ಇರುತ್ತದೆಂದು ಗ್ರೆಗ್‌ಗೆ ಇಂಗ್ಲಿಷಿನಲ್ಲಿ ವಿವರಿಸಿದ. ನಗುತ್ತಾನೆ ಅಂದುಕೊಂಡರೆ ಗ್ರೆಗ್ ಗಂಭೀರವಾಗಿ ಪೆನ್ನು ಮುಚ್ಚಿದ.

"ಮೀನು ಕಚ್ಚದ ಹೊತ್ತು ಅಂತ ನಮಗೂ ಇದೆ ಮೇಟ್. ಅದನ್ನ ನಂಬದವನು ಬರಿಗೈಲಿ ಮನೆಗೆ ಬರ್ತಾನೆ."

ಹನ್ನೆರಡಕ್ಕೆ ಹೋದರೆ ಗ್ರೆಗ್ ಊಟಕ್ಕೆ ಹೋಗಿದ್ದ. ಬಂದಿದ್ದು ಎರಡೂ ಕಾಲಿಗೆ. ಅವನ ಹಿಂದೆಯೇ ಅಹಲ್ಯಾ ಆಂಟಿ ಹೋಳಿಗೆ ಡಬ್ಬಿ ಹಿಡಿದು, ಗಂಡ ಬಾಲಸುಬ್ರಹ್ಮಣ್ಯ ಅಂಕಲ್ಲನ್ನೂ ಎಳೆದುಕೊಂಡು ಬಂದರು. "ನಿಮ್ಮ ಬಾಸ್‌ಗೆ ಬಾಯಿ ಸಿಹಿ ಮಾಡಿ, ಎರಡು ಒಳ್ಳೆ ಮಾತು ಹೇಳಿ ಬರ್ತೀನಿ," ಎಂದು ಆಂಟಿ ಒಳಗೆ ನುಗ್ಗಿದರು.

ಹೊರಗೆ ಅಂಕಲ್ ಭರತೇಶನ ತೋಳು ಹಿಡಿದರು. "ನೀನು ಹುಟ್ಟಿದ್ದೆಲ್ಲಿ?"

"ಮೈಸೂರಲ್ಲಿ ಅಂಕಲ್."

"ಮತ್ತೆ ಅಡಿಲೇಡ್ ರಾಹು ನಿನ್ನನ್ನ್ಯಾಕೆ ವಿಚಾರಿಸ್ತಾನೆ? ಮೈಸೂರು ಟೈಮ್ ನೋಡ್ಬೇಕಪ್ಪ. ಅಲ್ಲಿ ಹತ್ತೂವರೆ ಅಂದ್ರೆ ಇಲ್ಲಿ ಎರಡೂವರೆ. ನಾಲ್ಕರ ತನಕ ಮುಟ್ಬೇಡ."

ಆಗಷ್ಟೇ ಹೊರಬಂದ ಆಂಟಿ ಸಿಡಿದರು. "ಸೂರ್ಯ ಎಲ್ಲಿ ಕಾಣ್ತಾನೋ ಅಲ್ಲಿನ ರಾಹು ಕಣ್ರೀ!"

"ಎಲ್ಲೇ ಕಾಣ್ತಿದಾನೆ ಇಲ್ಲಿ ಸೂರ್ಯ? ಮೂರು ದಿನದಿಂದ ಜಡಿಮಳೆ!"

ಗಂಡ ಹೆಂಡತಿ ಜಗಳವಾಡುತ್ತಲೇ ಮನೆಗೆ ಹೋದರು. ಗಂಟೆ ಎರಡೂ ಇಪ್ಪತ್ತೆಂಟು. ಹದಿನಾಲ್ಕು ಪುಟಕ್ಕೆ ಎರಡು ನಿಮಿಷ ಸಾಲದು. ಇಬ್ಬರು ರಾಹುಗಳಿಗೂ ಮರ್ಯಾದೆ ಕೊಟ್ಟರೆ ನಷ್ಟವಿಲ್ಲ ಎಂದುಕೊಂಡ ಭರತೇಶ, ನಾಲ್ಕು ಗಂಟೆಗೆ ಬರುತ್ತೇನೆಂದು ಗ್ರೆಗ್‌ಗೆ ಹೇಳಿಬಿಟ್ಟ.

"ಭರತಣ್ಣ, ನೀನು ಬೇಡ ಅಂದ ಹೊತ್ತು ನಂಗಿರ್ಲಿ ಬಿಡು. ನಾನು ಇದನ್ನೆಲ್ಲ ನಂಬಲ್ಲ," ಎಂದು ಮನೋಜ ತನ್ನ ಕಾಗದ ಹಿಡಿದು ಮೂರು ಗಂಟೆಗೆ ಒಳಗೆ ಹೋದ. ಹತ್ತು ನಿಮಿಷಕ್ಕೆ ಶಿಳ್ಳೆ ಹೊಡೆಯುತ್ತ ಹೊರಗೆ ಬಂದ. ಕೈಯಲ್ಲೊಂದು ಹೋಳಿಗೆ ಬೇರೆ. ಪಾಪ, ದುಡುಕಿಬಿಟ್ಟ ಎಂದು ಭರತೇಶ ಮರುಗಿದ.

ನಾಲ್ಕೂ ಐದಕ್ಕೆ ಎದೆಯುಬ್ಬಿಸಿ ಒಳಹೊಕ್ಕ. ಗ್ರೆಗ್ ಆಗಲೇ ಫೋನನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸುತ್ತಿದ್ದ. ಮೇಜಿನ ಮೇಲೆ ಪೆನ್ನು ಇರಲಿಲ್ಲ.

"ಮೇಟ್, ನಿನಗೋಸ್ಕರ ಮಧ್ಯಾಹ್ನ ಎಲ್ಲಾ ಕೂತು ನೆಟ್ಟಲ್ಲಿ ನಿಮ್ಮ ಪಂಚಾಂಗ ಓದಿದೆ. ಒಳ್ಳೇದಾಯ್ತು ನೋಡು. ಇದು ಆಷಾಢ! ನಿನ್ನೆ ಶುರುವಾಗಿದೆ. ಇಡೀ ತಿಂಗಳು ಹೊಸ ಕೆಲಸ ಯಾವುದೂ ಮಾಡಬಾರದಂತೆ. ಶ್ರಾವಣದಲ್ಲಿ ಬಂದು ಹಾಕ್ತೀನಿ."

ಭರತೇಶ ಬಾಗಿಲಿಗೆ ಅಡ್ಡ ನಿಂತ. ಜೂನ್ ಚಳಿಯಲ್ಲಿ ಹೀಟರ್ ಮುಂದೆ ಕೂತವನಿಗೆ ಆಷಾಢ ಎಲ್ಲಿ ನೆನಪಿರಬೇಕು? "ಗ್ರೆಗ್, ಅದೆಲ್ಲ ಸುಳ್ಳು! ನಾನು ನಂಬೋದೇ ಇಲ್ಲ! ಹಾಕು ಸಹಿ, ದಮ್ಮಯ್ಯ!"

ಗ್ರೆಗ್ ಅವನ ಬೆನ್ನು ತಟ್ಟಿದ. "ಹೀಗೇ ಹೇಳ್ತಾನೆ ಅಂತ ನಿನ್ನ ಆಂಟಿ ಮೊದಲೇ ಹೇಳಿದಾರೆ. ‘ಹುಡುಗನಿಗೆ ಸಂಕೋಚ ಜಾಸ್ತಿ, ಪರವಾಗಿಲ್ಲ ಹಾಕಿ ಅಂತಾನೆ, ಕೆಟ್ಟ ಹೊತ್ತಲ್ಲಿ ನೀವು ಮಾತ್ರ ಹಾಕ್ಬೇಡಿ’ ಅಂತ."

"ಮನೋಜಂಗೆ ಹಾಕಿದ್ಯಲ್ಲ!"

"ಅವನು ನಂಬಲ್ಲ ಅಂದ. ನಿನ್ನ ನಂಬಿಕೆ ಕೆಡಿಸೋಕೆ ನಾನ್ಯಾರು ಮೇಟ್?"

ಗ್ರೆಗ್ ಹೊರಟೇಬಿಟ್ಟ. ಭರತೇಶ ಮಳೆಯಲ್ಲೇ ಗಾಡಿಯ ಹಿಂದೆ ಓಡಿದ. ಕಾರವಾನು ಪ್ರಾಸ್ಪೆಕ್ಟ್ ರಸ್ತೆಗಿಳಿದು, ಸಿಗ್ನಲ್ ದಾಟಿ ಮರೆಯಾಯಿತು. ಅಷ್ಟರಲ್ಲಿ ಮತ್ತೆ ಆಂಟಿಯ ಫೋನು. ಅವನು ನಡೆದದ್ದನ್ನೆಲ್ಲ ಹೇಳಿದ.

"ಆಷಾಢನಾ?" ಆಂಟಿ ಕಿಸಕ್ಕನೆ ನಕ್ಕರು. "ಅದು ಮದುವೆ, ಗೃಹಪ್ರವೇಶಕ್ಕೆ ಕಣೋ! ಅರ್ಜಿ ಹಾಕೋಕೆ ಯಾರಾದ್ರೂ ಆಷಾಢ ನೋಡ್ತಾರಾ? ಇಷ್ಟೊಂದು ಮೂಢನಂಬಿಕೆ ಇಟ್ಕೋಬಾರ್ದಪ್ಪ ಓದಿರೋರು!"